ನಾಲ್ಕು ವರ್ಷ ಎಸ್ಟೇಟ್ ಕಾರು ಓಡಿಸಿದ ಮೇಲೆ: ಇದು ನಿಮ್ಮ ಮನೆಗೆ ಸರಿಹೋಗುತ್ತಾ?

ನಮ್ಮ ಮನೆಯಲ್ಲಿ ಐದು ಜನ. ನಾವಿಬ್ಬರು, ಇಬ್ಬರು ಚಿಕ್ಕ ಮಕ್ಕಳು, ಅಮ್ಮ. ಅಮ್ಮನಿಗೆ ಸ್ವಲ್ಪ ದೂರ ನಡೆಯಬೇಕಾದರೂ ವೀಲ್‌ಚೇರ್ ಬೇಕು. ಪ್ರೀಮಿಯಂ ಎಸ್ಟೇಟ್, ಅಂದರೆ ಸೆಡಾನ್‌ನಂತೆ ತಗ್ಗಾಗಿದ್ದು ಚಾವಣಿ ಹಿಂದಿನ ತನಕ ಚಾಚಿರುವ ದೊಡ್ಡ ಡಿಕ್ಕಿಯ ಕಾರು, ತೆಗೆದುಕೊಂಡದ್ದೇ ಅದಕ್ಕೋಸ್ಕರ.

ಆ ಲೆಕ್ಕ ತಪ್ಪಲಿಲ್ಲ. ಮಡಚಿದರೂ ವೀಲ್‌ಚೇರ್ 15 ಕಿಲೋಗಿಂತ ಜಾಸ್ತಿ ತೂಗುತ್ತದೆ. ಎಸ್ಟೇಟ್‌ನ ಡಿಕ್ಕಿಯ ಅಂಚು ನನ್ನ ಮಂಡಿಗಿಂತ ಸ್ವಲ್ಪ ಮೇಲಿದೆ, ಅಷ್ಟೇ. ಅಂಚಿನ ಮೇಲಿಟ್ಟು ಒಳಗೆ ತಳ್ಳಿದರೆ ಆಯಿತು. ಹಳೆಯ ಎಸ್‌ಯುವಿಯಲ್ಲಿ ಅದನ್ನು ಸೊಂಟದ ಎತ್ತರಕ್ಕೆ ಎತ್ತಬೇಕಿತ್ತು. ದಿನಕ್ಕೆ ನಾಲ್ಕು ಸಲ ಎತ್ತುವವರಿಗೆ ಇದರ ಬೆಲೆ ಗೊತ್ತು.

ಆದರೆ ಒಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಡಿಕ್ಕಿ ತಗ್ಗಿದ್ದರೆ ಸೀಟೂ ತಗ್ಗಿರುತ್ತದೆ, ಅಲ್ವಾ? ಅಮ್ಮ ಕೂರುವುದೇನೋ ಕೂರುತ್ತಾರೆ, ಏಳುವಾಗ ಮಂಡಿ ನೋವು. ಮುಂದಿನ ಸೀಟನ್ನು ಪೂರ್ತಿ ಮೇಲಕ್ಕೆ ಏರಿಸಿ, ತಿರುಗುವ ದಿಂಬು ಹಾಕಿದ ಮೇಲೆ ಸ್ವಲ್ಪ ಸಲೀಸಾಯಿತು. ಕೊಳ್ಳುವ ಮೊದಲು ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಬೇಕಿತ್ತು. ಆ ಬೇಸರ ಇನ್ನೂ ಹೋಗಿಲ್ಲ.

ಡಿಕ್ಕಿ ಎಷ್ಟು ಲೀಟರ್ ಅನ್ನುವ ಲೆಕ್ಕ ನೋಡಿ ಕಾರು ಆರಿಸಬೇಡಿ. 2016ರಲ್ಲಿ ಬಂದ ಬೆಂಜ್ ಇ-ಕ್ಲಾಸ್ ಎಸ್ಟೇಟ್‌ಗೆ 640 ಲೀಟರ್, ಆಗಿನ ವೋಲ್ವೋ ವಿ90ಗೆ 560 ಎಂದು ಬರೆದಿತ್ತು. ಇಂಥ ಅಳತೆಗೆ ಸಾಮಾನ್ಯವಾಗಿ 20×10×5 ಸೆಂಟಿಮೀಟರಿನ ಪುಟ್ಟ ಇಟ್ಟಿಗೆಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಾರೆ. ಒಂದೊಂದೂ ಒಂದು ಲೀಟರ್. ಅವು ಮೂಲೆ ಮೂಲೆಗೂ ಹೋಗುತ್ತವೆ, ವೀಲ್‌ಚೇರ್ ಹೋಗುವುದಿಲ್ಲ. ಎರಡು ಚಕ್ರಗಳ ಉಬ್ಬಿನ ನಡುವೆ ಎಷ್ಟು ಅಗಲ ಇದೆ, ಹಿಂದಿನ ಗಾಜು ಎಷ್ಟು ಓರೆಯಾಗಿದೆ, ಇದನ್ನು ನೋಡಿ. ನಿಮ್ಮ ಸಾಮಾನನ್ನೇ ತೆಗೆದುಕೊಂಡು ಹೋಗಿ ಇಟ್ಟು, ಬಾಗಿಲು ಮುಚ್ಚಿ ನೋಡಿ. ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು) ಬೇಕೆನ್ನುವವರು ಇನ್ನೂ ಹುಷಾರಾಗಿರಬೇಕು. ಬ್ಯಾಟರಿ ಡಿಕ್ಕಿಯ ಕೆಳಗೆ ಕೂತು ಜಾಗ ತಿನ್ನಬಹುದು. ಅದೇ ಇ-ಕ್ಲಾಸ್‌ನ ಹೈಬ್ರಿಡ್‌ನಲ್ಲಿ 640 ಇದ್ದದ್ದು 480ಕ್ಕೆ ಇಳಿಯುತ್ತದೆ.

ಹಿಂದಿನ ಸೀಟಿನಲ್ಲಿ ಮೂವರು ಅಂತ ಹೇಳುತ್ತಾರೆ. ಮಕ್ಕಳ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇರುವುದು ಎರಡು ತುದಿಗಳಲ್ಲಿ. ಮಕ್ಕಳ ಸೀಟು ಎರಡೂ ಹಾಕಿದರೆ ಮಧ್ಯದಲ್ಲಿ ಉಳಿಯುವುದು ಒಂದು ಗೇಣು ಜಾಗ, ಕಾಲ ಬಳಿ ಉಬ್ಬು ಬೇರೆ. ಅಲ್ಲಿ ಕೂರುವುದು ನನ್ನ ಹೆಂಡತಿ. ಒಂದು ಗಂಟೆ ಪರವಾಗಿಲ್ಲ, ಮೂರು ಗಂಟೆ ಕಷ್ಟ. ಐದು ಜನ ದಿನಾ ಓಡಾಡುವವರಾದರೆ ಎಂಪಿವಿ (ಹೆಚ್ಚು ಜನ ಕೂರುವ ಎತ್ತರದ ಫ್ಯಾಮಿಲಿ ಕಾರು) ನೋಡಿ ಅಂತಲೇ ಹೇಳುತ್ತೇನೆ.

ಓಡಿಸಲು ಮಾತ್ರ ತುಂಬಾ ಇಷ್ಟ. ತಿರುವಿನಲ್ಲಿ ಎಸ್‌ಯುವಿಯಷ್ಟು ವಾಲುವುದಿಲ್ಲ, ಮಕ್ಕಳಿಗೆ ವಾಂತಿ ಬರುವುದು ಕಡಿಮೆಯಾಗಿದೆ. ನಮ್ಮ ಕಾರಿನಲ್ಲಿ ಹಿಂದೆ ಏರ್ ಸಸ್ಪೆನ್ಷನ್ ಇರುವುದರಿಂದ ಭಾರ ತುಂಬಿದರೂ ಹಿಂಭಾಗ ಕುಸಿಯುವುದಿಲ್ಲ. ಚಕ್ರ ದೊಡ್ಡದು ಬೇಡ. ಚಕ್ರ ದೊಡ್ಡದಾದರೆ ಟೈರಿನ ರಬ್ಬರು ತೆಳುವಾಗುತ್ತದೆ, ತೆಳುವಾದಷ್ಟೂ ಕುಲುಕಾಟ ಜಾಸ್ತಿ. ಸ್ಟೆಪ್ನಿ ಇದೆಯಾ ಅಂತಲೂ ಕೇಳಿ, ನಮ್ಮದರಲ್ಲಿ ಬರೀ ಪಂಕ್ಚರ್ ಕಿಟ್ ಕೊಟ್ಟಿದ್ದರು.

ಇನ್ನೊಂದು. ಸಾಮಾನನ್ನು ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸುವುದಾದರೆ ಸೀಟಿನ ಹಿಂದೆ ಸಾಮಾನು ತಡೆಯುವ ಬಲೆ ಕಟ್ಟಲೇಬೇಕು. ಜೋರಾಗಿ ಬ್ರೇಕ್ ಹಾಕಿದರೆ ಎಲ್ಲವೂ ಮಕ್ಕಳ ತಲೆಯ ಮೇಲೆ ಬರುತ್ತದೆ. ವೀಲ್‌ಚೇರನ್ನೂ ನೆಲದ ಕೊಂಡಿಗಳಿಗೆ ಬಿಗಿದೇ ಹೊರಡುತ್ತೇನೆ, ಪಕ್ಕದ ಬೀದಿಗೆ ಹೋಗುವುದಿದ್ದರೂ.