ಸಿ ಡ್ರೈವ್‌ಗೆ ಎಷ್ಟು ಬೇಕು ಅಂತ ಕೇಳಿಯೇ ಕೈ ಹಾಕುವ ಅಂಗಡಿ, ಉಡುಪಿ

ಉಡುಪಿ ಸಿಟಿ ಬಸ್ ಸ್ಟ್ಯಾಂಡ್‌ನಿಂದ ನಡ್ಕೊಂಡು ಹೋಗುವಷ್ಟು ಹತ್ರ, ಮೇಲಿನ ಮಾಳಿಗೆಯಲ್ಲಿ ಉಂಟು ಈ ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಹೋದದ್ದು ಲ್ಯಾಪ್‌ಟಾಪ್‌ಗೆ 1 ಟಿಬಿ ಎಸ್‌ಎಸ್‌ಡಿ (ಫೈಲ್ ಎಲ್ಲ ಉಳಿಯುವ, ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕಿಸಿ ವಿಂಡೋಸ್ 11 ಮಾಡಿಸ್ಲಿಕ್ಕೆ. ಎರಡು ತಿಂಗಳು ಆಯ್ತು, ಬಳಸಿ ನೋಡಿಯೇ ಬರೀಬೇಕು ಅಂತ ಕಾದಿದ್ದೆ. 5ಕ್ಕೆ 5 ಕೊಡ್ತೇನೆ. ಒಂದೆರಡು ಕೊರತೆ ಉಂಟು, ಅದನ್ನೂ ಹೇಳ್ತೇನೆ.

ನಾನು ಮನೆಯಲ್ಲೇ ಡಿಟಿಪಿ ಮಾಡುದು, ಬ್ರಹ್ಮಕಲಶದ ಆಮಂತ್ರಣ, ನೇಮದ ಬ್ಯಾನರ್, ಮದುವೆ ಕಾಗದ, ಯಕ್ಷಗಾನ ಮೇಳದ ಆಟದ ಹ್ಯಾಂಡ್‌ಬಿಲ್ ಇಂಥದ್ದೆಲ್ಲ, ದೀಪಾವಳಿ ಕಳೆದ್ರೆ ಮತ್ತೆ ಮೇ ಕೊನೆಯ ಪತ್ತನಾಜೆವರೆಗೆ ಪುರುಸೊತ್ತು ಅಂತ ಇಲ್ಲ. ಮೂರು ವರ್ಷ ಹಿಂದೆ ಮಂಗಳೂರಲ್ಲಿ ಒಂದು ಕಡೆ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದ್ದೆ, ಹೆಸರು ಹೇಳುದಿಲ್ಲ. ಅವ್ರು ನನ್ನತ್ರ ಒಂದು ಮಾತೂ ಕೇಳದೆ ಒಂದೇ ಡಿಸ್ಕನ್ನು ಎರಡು ಪಾಲು ಮಾಡಿ, ವಿಂಡೋಸ್ ಕೂರುವ ಸಿ ಗೆ 80 ಜಿಬಿ ಇಟ್ಟು ಉಳಿದದ್ದೆಲ್ಲ ಡಿ ಗೆ ಹಾಕಿ ಕೊಟ್ರು. ಸಿ ಸಣ್ಣ ಇದ್ರೆ ಕಂಪ್ಯೂಟರ್ ಫಾಸ್ಟ್ ಅಂತ ಬೇರೆ ಹೇಳಿದ್ರು, ನಾನೂ ನಂಬಿದೆ.

ಮೊದಲ ವರ್ಷ ಏನೂ ತೊಂದ್ರೆ ಇರ್ಲಿಲ್ಲ. ಮತ್ತೆ ನೋಡಿ ಸಿ ಡ್ರೈವ್‌ನ ಗೆರೆ ಯಾವಾಗ ನೋಡಿದ್ರೂ ಕೆಂಪು. ಒಂದು ರಾತ್ರಿ ದೇವಸ್ಥಾನದ ದೊಡ್ಡ ಬ್ಯಾನರ್ ಮಾಡ್ತಾ ಇದ್ದೆ, ಬೆಳಗ್ಗೆ 8ಕ್ಕೆ ಪ್ರಿಂಟಿಗೆ ಹೋಗ್ಬೇಕು, ಫೋಟೋಶಾಪ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ (ಕೆಲಸದ ನಡುವೆ ಅದು ತಾತ್ಕಾಲಿಕವಾಗಿ ಬಳಸುವ ಜಾಗ) ಫುಲ್ ಅಂತ ಬಂತು, ಸೇವ್ ಕೂಡ ಆಗುದಿಲ್ಲ, ಅಳುವೇ ಬಂತು ನಂಗೆ. ಡಿ ಯಲ್ಲಿ ಆಗ 60 ಜಿಬಿ ಖಾಲಿ! ಚಾವಡಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ, ಪಕ್ಕದ ಕೋಣೆಗೆ ಮಾತ್ರ ಬೀಗ ಹಾಕಿಟ್ಟ ಹಾಗೆ. 2025 ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, 11ಕ್ಕೆ ಹೋಗುವ ಅಂದ್ರೆ ಅದಕ್ಕೂ ಸಿ ಯಲ್ಲಿ ಜಾಗ ಸಾಲ್ಲಿಲ್ಲ.

ಉಡುಪಿಯ ಈ ಅಂಗಡಿಗೆ ಹೋಗಿ ಇದೆಲ್ಲ ಹೇಳಿದೆ. ಅಂಗಡಿಯ ಅಣ್ಣ ಸ್ಕ್ರೂ ಡ್ರೈವರ್ ಮುಟ್ಲೇ ಇಲ್ಲ, ಲ್ಯಾಪ್‌ಟಾಪ್ ಆನ್ ಮಾಡಿ "ಅಕ್ಕ ನಿಮ್ಮ ಸಿ ಯಲ್ಲಿ ಎಂತೆಲ್ಲ ಕೂತಿದೆ ಅಂತ ಮೊದಲು ನೋಡುವ" ಅಂದ್ರು. ನನ್ನ ಕಣ್ಣು ತೆರೆದದ್ದು ಅಲ್ಲೇ. ನಾನು ಫೈಲ್ ಎಲ್ಲ ಡಿ ಯಲ್ಲೇ ಇಡ್ತೇನೆ, ಸಿ ಯಲ್ಲಿ ಬರೀ ವಿಂಡೋಸ್ ಇರುದು ಅಂತ ತಿಳ್ಕೊಂಡಿದ್ದೆ. ಹಾಗಲ್ಲ ಅದು. ನನ್ನದು 16 ಜಿಬಿ ರ‍್ಯಾಮ್, ಹೈಬರ್ನೇಟ್‌ಗೆ (ತೆರೆದ ಕೆಲಸ ಹಾಗೇ ಉಳಿಸಿ ಆಫ್ ಆಗ್ಲಿಕ್ಕೆ) ಅಂತ ಒಂದು ಫೈಲ್ ಇರ್ತದೆ, ರ‍್ಯಾಮ್‌ನ ನೂರಕ್ಕೆ 40 ಪಾಲು ಅಂದ್ರೆ ಹತ್ತಿರ ಹತ್ತಿರ ಆರೂವರೆ ಜಿಬಿ. ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲ್ ಬೇರೆ. ಅಪ್‌ಡೇಟ್‌ಗೆ ಅಂತ ವಿಂಡೋಸ್ ತಾನೇ ಸುಮಾರು 7 ಜಿಬಿ ತೆಗೆದಿಟ್ಕೊಂಡಿರ್ತದೆ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸುವ ಫೋಟೋ ಎಲ್ಲ, ಡೆಸ್ಕ್‌ಟಾಪ್ ಆ್ಯಪ್ ಇದ್ರೆ, ಸಿ ಯಲ್ಲೇ ಯೂಸರ್ ಫೋಲ್ಡರ್ ಒಳಗೆ ಹೋಗಿ ಕೂರುದು. ಫೋಟೋಶಾಪ್ ಕೆಲಸ ಮಾಡುವಾಗ ಬಳಸುವ ಸ್ಕ್ರ್ಯಾಚ್ ಕೂಡ, ನಾವು ಬದಲಾಯಿಸದಿದ್ರೆ, ಸಿ ಯೇ. ಇಷ್ಟೆಲ್ಲ ಇದ್ದ ಮೇಲೆ 80 ಎಲ್ಲಿಗೆ ಸಾಕು ಹೇಳಿ. ವಿಂಡೋಸ್ 11ಕ್ಕೆ ಕಡಿಮೆ ಅಂದ್ರೆ 64 ಜಿಬಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳುದು, ಅದು ಬರೀ ಬಾಗಿಲು ದಾಟ್ಲಿಕ್ಕೆ, ಒಳಗೆ ಸಂಸಾರ ಮಾಡ್ಲಿಕ್ಕಲ್ಲ ಅಂದ್ರು ಅಣ್ಣ. ಹಳತರ ಮೇಲೆಯೇ ಅಪ್‌ಗ್ರೇಡ್ ಮಾಡಿದ್ರೆ ಹಳೇ ವಿಂಡೋಸ್ ಪೂರ್ತಿ ಬೇರೆ ಫೋಲ್ಡರ್‌ನಲ್ಲಿ 10 ದಿನ ಉಳೀತದೆ, ಅದಕ್ಕೂ ಜಾಗ ಬೇಕಂತೆ.

ಸಣ್ಣ ಸಿ ಇದ್ರೆ ಫಾಸ್ಟ್ ಅಂತಾರಲ್ಲ ಅಂತ ಕೇಳಿದೆ. ಅದು ತಿರುಗುವ ಹಾರ್ಡ್ ಡಿಸ್ಕ್ ಕಾಲದ ಮಾತಂತೆ, ತಟ್ಟೆಯ ಹೊರ ಅಂಚಲ್ಲಿ ಓದುದು ಬೇಗ ಆಗ್ತಿತ್ತು ಹಾಗೆ. ಎಸ್‌ಎಸ್‌ಡಿಯಲ್ಲಿ ಅಂಚು ನಡು ಅಂತ ಇಲ್ಲ, ಸಿ ಗೆ ಬರೆದದ್ದನ್ನೂ ಅದು ಇಡೀ ಡ್ರೈವ್‌ನಲ್ಲಿ ಹರಡಿಯೇ ಇಡ್ತದೆ.

ನನ್ನ ಇನ್ನೊಂದು ಪ್ರಶ್ನೆ, ಕಡಿಮೆ ಆದ್ರೆ ಆಮೇಲೆ ಡಿ ಯಿಂದ ತೆಗೆದು ಸಿ ಗೆ ಸೇರಿಸ್ಲಿಕ್ಕೆ ಆಗುದಿಲ್ವಾ? ಒಂದು ಹಾಳೆ ತೆಗೆದು ಚಿತ್ರ ಬಿಡಿಸಿ ತೋರಿಸಿದ್ರು. ಡಿ ಯನ್ನು ಸಣ್ಣ ಮಾಡಿದ್ರೆ ಖಾಲಿ ಜಾಗ ಹುಟ್ಟುದು ಡಿ ಯ ಆಚೆ ಬದಿಯಲ್ಲಿ, ಸಿ ಗೆ ಬೇಕಾದ್ದು ಈಚೆ ಬದಿಯಲ್ಲಿ. ವಿಂಡೋಸ್‌ನದ್ದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಗೆ ಅಂಟಿಕೊಂಡ ಜಾಗ ಮಾತ್ರ ಸೇರಿಸ್ಲಿಕ್ಕೆ ಬರುದು, ನಡುವೆ ಎಷ್ಟೋ ಸಲ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ರೆ ಸರಿ ಮಾಡ್ಲಿಕ್ಕೆ ಇಟ್ಟ ಪಾಲು) ಬೇರೆ ಅಡ್ಡ ಇರ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಡಿ ಯನ್ನೇ ಪೂರ್ತಿ ಸರಿಸಬಹುದು, ಆದ್ರೆ ಅಷ್ಟು ಡೇಟಾ ಸರಿಯುವಾಗ ಕರೆಂಟ್ ಹೋದ್ರೆ? ನಮ್ಮೂರ ಮಳೆಗಾಲ ಗೊತ್ತುಂಟಲ್ಲ, ಒಂದು ಗುಡುಗಿಗೆ ಲೈನ್ ಹೋಗ್ತದೆ, ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಅರ್ಧ ಗಂಟೆಯೂ ಬರುದಿಲ್ಲ. ಅದಕ್ಕೇ ಸುರುವಿಗೇ ಸರಿ ಅಳತೆ ಇಡ್ಬೇಕು ಅಂತ ಅವರು ಅಷ್ಟು ಹೊತ್ತು ಕೂತು ಲೆಕ್ಕ ಹಾಕುದು.

ಲೆಕ್ಕ ಹೀಗೆ ಬಂತು. ಪ್ಯಾಕೆಟ್‌ನಲ್ಲಿ 1 ಟಿಬಿ ಅಂತ ಇದ್ರೂ ವಿಂಡೋಸ್‌ನಲ್ಲಿ 931 ಜಿಬಿ ಕಾಣ್ತದೆ, ಮೋಸ ಅಲ್ಲ, ಕಂಪೆನಿಯವ್ರು ಸಾವಿರದ ಲೆಕ್ಕ ಹಿಡೀತಾರೆ ವಿಂಡೋಸ್ 1024ರದ್ದು ಹಿಡೀತದೆ. ಅಣ್ಣ ಸಿ ಗೆ 200 ಸಾಕು ಅಂದ್ರು. ನಾನು ಹೆದರಿದ್ದೆ ಅಲ್ವಾ, 400 ಇಡಿ ಅಂದೆ. ಬೇಡ ಅಕ್ಕ, ಸಿ ದೊಡ್ಡ ಇದ್ರೆ ನೀವು ಕೆಲಸದ ಫೈಲ್ ಅಲ್ಲೇ ಡೆಸ್ಕ್‌ಟಾಪ್ ಮೇಲೆ ಹಾಕ್ತಾ ಹೋಗ್ತೀರಿ, ನಾಳೆ ವಿಂಡೋಸ್ ಕೆಟ್ಟು ಫಾರ್ಮ್ಯಾಟ್ ಮಾಡ್ಲಿಕ್ಕೆ ಬಂದಾಗ ಅದೆಲ್ಲ ಹೋಗ್ತದೆ ಅಂದ್ರು. ಮಾತಾಡಿ ಮಾತಾಡಿ 250ಕ್ಕೆ ನಿಂತೆವು. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಪ್ರಾಪರ್ಟೀಸ್‌ಗೆ ಹೋಗಿ ಲೊಕೇಶನ್ ಬದಲಾಯಿಸಿ ಡಿ ಗೆ ಹಾಕಿ ಕೊಟ್ರು, ಫೋಟೋಶಾಪ್ ಸ್ಕ್ರ್ಯಾಚ್ ಕೂಡ ಡಿ ಗೆ.

ನಾನು ಕಾಯ್ತಿದ್ದಾಗ ಮಣಿಪಾಲದ ಇಂಜಿನಿಯರಿಂಗ್ ಹುಡುಗ ಒಬ್ಬ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಸ್ಲಿಕ್ಕೆ ಬಂದಿದ್ದ, 25 ಜಿಬಿ ಸಾಕಂತೆ ಅಂತ ಹೇಳಿದ. ಅಷ್ಟರಲ್ಲಿ ಇನ್‌ಸ್ಟಾಲ್ ಆಗ್ತದೆ ಮಗಾ, ನಿನ್ನ ಪ್ರಾಜೆಕ್ಟ್ ಎಲ್ಲಿಡ್ತಿ ಅಂತ ಕೇಳಿ ಅವನಿಗೆ 80 ಇಟ್ರು. ಯಾರು ಬಂದ್ರೂ ಒಂದೇ ಅಳತೆ ಇಲ್ಲ ಇಲ್ಲಿ, ನಂಗೆ ತುಂಬ ಇಷ್ಟ ಆದದ್ದು ಅದೇ.

ಇನ್ನೊಂದು ಮಾತು, ಡಿ ಯಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ, ಸಿ, ಡಿ ಎರಡೂ ಒಂದೇ ಎಸ್‌ಎಸ್‌ಡಿ ಒಳಗೆ ಇರುದು, ಎಸ್‌ಎಸ್‌ಡಿ ಸತ್ರೆ ಎರಡೂ ಒಟ್ಟಿಗೆ ಹೋಗುದು ಅಂತ ಅವರೇ ಹೇಳಿದ್ರು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅವರಲ್ಲೇ ಮಾರಾಟಕ್ಕಿದ್ರೂ ತಗೊಳ್ಳಿ ಅಂತ ಒತ್ತಾಯ ಮಾಡ್ಲಿಲ್ಲ, ಮನೆಯಲ್ಲಿ ಹಳತು ಇದ್ರೆ ಅದೇ ಸಾಕು ಅಂದ್ರು.

ಕೊರತೆ ಅಂದ್ರೆ, ಸಂಜೆ ಕೊಡ್ತೇವೆ ಅಂದದ್ದು ಮಾರನೇ ದಿನ ಮಧ್ಯಾಹ್ನ ಆಯ್ತು, ಫೋನ್ ಮಾಡಿ ತಿಳಿಸಬಹುದಿತ್ತು, ನಾನು ಬಸ್ಸಿನಲ್ಲಿ ಬಂದು ವಾಪಸ್ ಹೋದೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಆಗಿರುದನ್ನೂ ಹೇಳಿರ್ಲಿಲ್ಲ, ನಾನೇ ಮನೆಯಲ್ಲಿ ನೋಡಿ ಫೋನ್ ಮಾಡಿದ ಮೇಲೆ 48 ಅಂಕೆಯ ರಿಕವರಿ ಕೀ ಎಲ್ಲಿ ಸಿಗ್ತದೆ ಅಂತ ತೋರಿಸಿದ್ರು, ಬರೆದಿಟ್ಕೊಂಡೆ. ನೀವು ಹೋದ್ರೆ ಅದನ್ನು ಮೊದಲೇ ಕೇಳಿ. ಮೆಟ್ಟಿಲು ಕಡಿದು, ಪ್ರಾಯದವರಿಗೆ ಕಷ್ಟ.

ಎಸ್‌ಎಸ್‌ಡಿ ದುಡ್ಡು ಬಿಟ್ಟು ಕೆಲಸಕ್ಕೆ 700 ರೂಪಾಯಿ ತಗೊಂಡ್ರು, ಹಳೇ ಡೇಟಾ ಕಾಪಿ ಮಾಡಿದ್ದೂ ಅದರಲ್ಲೇ. ಇವತ್ತು ನೋಡಿದೆ, ಸಿ ಯಲ್ಲಿ 250ರಲ್ಲಿ 112 ಜಿಬಿ ತುಂಬಿದೆ, ಈ ಸೀಸನ್‌ನಲ್ಲಿ ಅಷ್ಟು ಬ್ಯಾನರ್ ಮಾಡಿದ್ರೂ ಕೆಂಪು ಒಮ್ಮೆಯೂ ಕಾಣ್ಲಿಲ್ಲ. ಮಧ್ಯಾಹ್ನ 1ರಿಂದ 3ರವರೆಗೆ ಊಟಕ್ಕೆ ಬಾಗಿಲು ಹಾಕಿರ್ತಾರೆ, ಭಾನುವಾರ ರಜೆ. ಹೋಗುವಾಗ ಚಾರ್ಜರ್ ಮರೀಬೇಡಿ.