ಹಳೆಯ ಸ್ಕೈಲೈನ್ ಕಾರಿನ ಆಸೆಗೆ 16.5 ಲಕ್ಷ ಕಳೆದುಕೊಂಡಿದ್ದೇನೆ, ದಯವಿಟ್ಟು ಮುಂಗಡ ಕೊಡುವ ಮೊದಲು ಓದಿ

ನಾನು ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವನು. ರೈತರು ತಂದ ಪ್ರತಿ ಲಾಟಿನಲ್ಲೂ ನಾಲ್ಕು ಚೀಲ ಚುಚ್ಚಿ ಕಾಳು ತೆಗೆದು, ಮೀಟರಿನಲ್ಲಿ ತೇವಾಂಶ ನೋಡಿ, ಶೇಕಡಾ 14 ದಾಟಿದ್ದರೆ ಮುಲಾಜಿಲ್ಲದೆ ದರ ಇಳಿಸುವ ಮನುಷ್ಯ. ಅಂಥವನು 16.5 ಲಕ್ಷ ರೂಪಾಯಿ ಕೊಟ್ಟು ತಂದ ಕಾರಿನ ಬಾನೆಟ್ ಒಳಗೆ ಕೊರೆದಿದ್ದ ಹನ್ನೊಂದು ಅಕ್ಷರಗಳನ್ನು ಓದಲಿಲ್ಲ ಎಂದು ಬರೆಯುವಾಗ ಕೈ ನಡುಗುತ್ತದೆ, ನಾಚಿಕೆಯಿಂದಲೋ ಸಿಟ್ಟಿನಿಂದಲೋ ನನಗೇ ತಿಳಿಯದು. ನಮ್ಮ ಅಣ್ಣನಿಗೆ ಇಂದಿಗೂ ನಾನು ಹೇಳಿರುವ ಬೆಲೆ ಒಂಬತ್ತು ಲಕ್ಷ.

ಆಸೆ ಹಳೆಯದು. 1989ರಿಂದ 1994ರವರೆಗೆ ತಯಾರಾದ ನಿಸ್ಸಾನ್ ಸ್ಕೈಲೈನ್ ಆರ್32 ಜಿಟಿ-ಆರ್ ಕಾರನ್ನು ಕಾಲೇಜಿನ ದಿನಗಳಲ್ಲಿ ಕಂಪ್ಯೂಟರ್ ಆಟದಲ್ಲಿ ಓಡಿಸಿದವರಿಗೆ ಈ ಆಸೆಯನ್ನು ವಿವರಿಸಬೇಕಿಲ್ಲ. 2.6 ಲೀಟರಿನ ಆರು ಸಿಲಿಂಡರ್ ಇಂಜಿನ್, ಎರಡು ಟರ್ಬೊ, ನಾಲ್ಕೂ ಚಕ್ರಗಳಿಗೆ ಹರಿಯುವ ಶಕ್ತಿ, ಕಾಗದದ ಮೇಲೆ 280 ಪಿಎಸ್ (ಅಶ್ವಶಕ್ತಿ). ಆಸ್ಟ್ರೇಲಿಯಾದ ಬಾಥರ್ಸ್ಟ್ ಓಟವನ್ನು 1991 ಮತ್ತು 1992ರಲ್ಲಿ ಗೆದ್ದ, ಅಲ್ಲಿಯವರೇ ಹೆದರಿ ಗಾಡ್ಜಿಲ್ಲ ಎಂದು ಹೆಸರಿಟ್ಟ ಕಾರು ಅದು. 2024ರ ಡಿಸೆಂಬರಿನಲ್ಲಿ ಅಂಥದೊಂದು ಕಾರು ಬೆಂಗಳೂರಿನಲ್ಲಿದೆ, ಬೂದು ಬಣ್ಣ, 1991ರ ಮಾದರಿ, ಕಾಗದಪತ್ರ ಸ್ವಚ್ಛ ಎಂಬ ಜಾಹೀರಾತು ಕಣ್ಣಿಗೆ ಬಿದ್ದಾಗ ನಾನು ವ್ಯಾಪಾರಿಯಾಗಿ ಉಳಿಯಲಿಲ್ಲ, ಕಾಲೇಜು ಹುಡುಗನಾದೆ.

ಮಾರುವವನ ಮಾತು ಜೇನಿನಂತಿತ್ತು. ಮೊದಲ ಕರೆಯಿಂದಲೇ ನನ್ನನ್ನು ‘ಅಣ್ಣಾ’ ಎಂದು ಕರೆದ. ಜಪಾನಿನ ಹರಾಜಿನಲ್ಲಿ ಈ ಕಾರಿಗೆ ಸಿಕ್ಕ ದರ್ಜೆ 4, ಅಂದರೆ ಒಳ್ಳೆಯ ಸ್ಥಿತಿ, ಎಂದು ಜಪಾನಿ ಅಕ್ಷರಗಳಿದ್ದ ಹರಾಜು ಚೀಟಿಯೊಂದನ್ನು ಕಳಿಸಿದ. ನಂಬರ್ ಈಶಾನ್ಯದ ಒಂದು ರಾಜ್ಯದ್ದಾಗಿತ್ತು. ಆರ್‌ಸಿಯಲ್ಲಿ ತಯಾರಿಕೆಯ ವರ್ಷ 2008 ಎಂದಿರುವುದನ್ನು ನಾನೇ ಗಮನಿಸಿ ಕೇಳಿದೆ. ಕೇಳಲಿಲ್ಲ ಎಂದಲ್ಲ, ಕೇಳಿದೆ. ‘ಅಣ್ಣಾ, ಅದು ಇಲ್ಲಿ ರಿಜಿಸ್ಟರ್ ಆದ ವರ್ಷ. ಇಪ್ಪತ್ತೈದು ವರ್ಷ ದಾಟಿದ ಕಾರನ್ನ ಕಾನೂನೇ ಒಳಗೆ ಬಿಡುತ್ತೆ, ನೀವು ವಿಡಿಯೊ ನೋಡಿಲ್ವಾ?’ ಎಂದ. ನಾನು ನೋಡಿದ್ದೆ. ಅಮೆರಿಕದವರ ಎಷ್ಟೋ ವಿಡಿಯೊಗಳಲ್ಲಿ ಈ 25 ವರ್ಷದ ನಿಯಮದ ಮಾತನ್ನು ಕೇಳಿದ್ದೆ. ಅವನು ಹೇಳಿದ್ದು ನನಗೆ ಮೊದಲೇ ಗೊತ್ತಿದ್ದ ವಿಷಯವಾದ್ದರಿಂದ ಅವನನ್ನು ಇನ್ನೂ ಹೆಚ್ಚು ನಂಬಿದೆ. 1991ರ ಕಾರಿಗೆ 2008ರಲ್ಲಿ ಹದಿನೇಳೇ ವರ್ಷ ಎಂಬ ಲೆಕ್ಕ, ದಿನವಿಡೀ ಕ್ವಿಂಟಲ್ ಲೆಕ್ಕ ಹಾಕುವ ನನ್ನ ತಲೆಗೆ ಹೊಳೆಯಲೇ ಇಲ್ಲ.

ಐದು ಲಕ್ಷ ಬ್ಯಾಂಕಿನ ಮೂಲಕ, ಉಳಿದದ್ದು ನಗದು. ನಗದಿಗೆ ರಸೀದಿ ಇಲ್ಲ. ಛಾಪಾ ಕಾಗದದ ಮೇಲೆ ‘ಹಳೆಯ ನಿಸ್ಸಾನ್ ಕಾರು, ಇದ್ದ ಸ್ಥಿತಿಯಲ್ಲಿ’ ಎಂದಷ್ಟೇ ಬರೆದಿತ್ತು. ಈ ಮೂರು ಸಾಲುಗಳಲ್ಲಿ ಎಷ್ಟು ತಪ್ಪುಗಳಿವೆ ಎಂದು ನೀವೇ ಎಣಿಸಿಕೊಳ್ಳಿ, ನನ್ನ ಆಡಿಟರ್ ಈಗಾಗಲೇ ಎಣಿಸಿ ಬೈದಿದ್ದಾರೆ.

2025ರ ಫೆಬ್ರವರಿಯಲ್ಲಿ ಕಾರು ಲಾರಿಯ ಮೇಲೆ ರಾತ್ರಿ ಬಂದಿತು. ಬೆಳಿಗ್ಗೆ ಅದನ್ನು ನಮ್ಮ ಗೋದಾಮಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ಹಮಾಲರಿಂದ ನೀರು ಹಾಕಿಸಿ ತೊಳೆಸಿ, ಎಲ್ಲ ಕಡೆಯಿಂದ ಫೋಟೊ ತೆಗೆದು ಮಾರಿದವನಿಗೇ ಕಳಿಸಿದೆ, ಎಷ್ಟು ಚೆನ್ನಾಗಿದೆ ನೋಡು ಎಂದು. ಅವನು ಬೆಂಕಿಯ ಚಿಹ್ನೆ ಹಾಕಿ ಉತ್ತರಿಸಿದ.

ಏಪ್ರಿಲಿನಲ್ಲಿ ಚಿತ್ರದುರ್ಗಕ್ಕೆ ಹೋಗಿ ಮರಳುವಾಗ ಭರಮಸಾಗರದ ಬಳಿ ಹೆದ್ದಾರಿಯಲ್ಲೇ ಬಿಸಿ ಸೂಚಿಸುವ ಮುಳ್ಳು ಮೇಲೇರಿ, ಬಾನೆಟ್ ಕೆಳಗಿನಿಂದ ಹಬೆ ಎದ್ದಿತು. ಮೆಕ್ಕೆಜೋಳದ ಲಾರಿಯೊಂದರ ಚಾಲಕ ಗುರುತು ಹಿಡಿದು ಟೋಚನ್ ಮಾಡಿಕೊಂಡು ಊರಿಗೆ ತಂದುಬಿಟ್ಟ. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಸೀಳುವುದು, ಇಗ್ನಿಷನ್ ಕಾಯಿಲ್ ಸಾಯುವುದು, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿತ್ತೋ ಯಾರಿಗೂ ತಿಳಿಯದಿರುವುದು ಸಹಜವೇ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಜಪಾನಿನ 100 ಆಕ್ಟೇನಿನ ಪೆಟ್ರೋಲಿಗೆ ಹೊಂದಿಸಿದ ಟರ್ಬೊ ಇಂಜಿನ್ನಿಗೆ ಇಲ್ಲಿನ ಕಡಿಮೆ ಆಕ್ಟೇನಿನ ಸಾಮಾನ್ಯ ಪೆಟ್ರೋಲ್ ಹಾಕಿದರೆ ಅದು ಏರಿನಲ್ಲಿ ಕಟಕಟ ಎಂದು ಹೊಡೆದುಕೊಳ್ಳುತ್ತದೆ. ಜೊತೆಗೆ ಈಗಿನ ಪೆಟ್ರೋಲಿನಲ್ಲಿರುವ ಶೇಕಡಾ 20ರಷ್ಟು ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. (ಎಥೆನಾಲನ್ನು ಮೆಕ್ಕೆಜೋಳದಿಂದಲೂ ತಯಾರಿಸುತ್ತಾರೆ. ನಾನು ಮಾರಿದ ಕಾಳೇ ನನ್ನ ಕಾರನ್ನು ತಿಂದಿರಬಹುದು.) ಎಲ್ಲ ಸೇರಿ 2.8 ಲಕ್ಷ ಖರ್ಚಾಯಿತು. ಅದನ್ನೂ ಸಹಿಸಿದೆ.

ಸಹಿಸಲಾಗದ್ದು ಗ್ಯಾರೇಜಿನಲ್ಲಿ ತಿಳಿಯಿತು. ಪಿ.ಬಿ. ರಸ್ತೆಯ ಬದಿಯಲ್ಲಿರುವ ಹಿರಿಯ ಮೇಸ್ತ್ರಿಯೊಬ್ಬರು ಕಾರನ್ನು ಮೇಲೆತ್ತಿಸಿ, ಟಾರ್ಚ್ ಹಿಡಿದು ಕೆಳಗೆ ನುಸುಳಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕೈ ಒರೆಸಿಕೊಳ್ಳುತ್ತಾ ಕೇಳಿದರು: ‘ಸಾವ್ಕಾರ್ರೆ, ನಾಕೂ ಚಕ್ರಕ್ಕೆ ಪವರ್ ಹೋಗ್ತೈತೆ ಅಂದಿದ್ರಲ್ಲ, ಮುಂದಿನ ಚಕ್ರಕ್ಕೆ ಆಕ್ಸಲ್ಲೇ ಇಲ್ಲ ಇದ್ರಾಗೆ. ಟರ್ಬೊನೂ ಎರಡಲ್ಲ, ಒಂದೇ ಐತೆ.’ ನಾನು ನಕ್ಕೆ. ಅವರು ನಗಲಿಲ್ಲ. ಇಂಜಿನ್ನಿನ ಹಿಂದಿರುವ ತಗಡಿನ ಗೋಡೆಯ ಮೇಲೆ ಕೊರೆದ ಚಾಸಿ ನಂಬರನ್ನು ಬಟ್ಟೆಯಿಂದ ಉಜ್ಜಿ ತೋರಿಸಿದರು. ಜಿಟಿ-ಆರ್ ಆಗಿದ್ದರೆ ಅದು ‘ಬಿಎನ್‌ಆರ್32’ ಎಂದು ಆರಂಭವಾಗಬೇಕು. ಅಲ್ಲಿದ್ದದ್ದು ‘ಎಚ್‌ಸಿಆರ್32’. ಅಂದರೆ ಅದೇ ಮೈಕಟ್ಟಿನ, ಎರಡು ಲೀಟರಿನ, ಒಂಟಿ ಟರ್ಬೊದ, ಹಿಂದಿನ ಚಕ್ರಗಳಿಂದ ಓಡುವ ಜಿಟಿಎಸ್-ಟಿ. ಅದು ಕೆಟ್ಟ ಕಾರಲ್ಲ, ಆದರೆ ನಾನು ಹಣ ಕೊಟ್ಟ ಕಾರಲ್ಲ. ಡಿಕ್ಕಿಯ ಮೇಲಿನ ಜಿಟಿ-ಆರ್ ಅಕ್ಷರಗಳನ್ನು ಮೇಸ್ತ್ರಿ ಉಗುರಿನಿಂದ ಎತ್ತಿದರು. ಹಿಂದೆ ಅಂಟು ಹೊಸದಾಗಿತ್ತು. ಜಿಟಿ-ಆರ್‌ಗಾದರೆ ನಿಸ್ಸಾನಿನವರೇ 2017ರಿಂದ ಕೆಲವು ಹಳೆಯ ಬಿಡಿಭಾಗಗಳನ್ನು ಮತ್ತೆ ತಯಾರಿಸುತ್ತಿದ್ದಾರೆ ಎಂದು ನಾನು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಆ ಸಮಾಧಾನವೂ ನನ್ನ ಕಾರಿಗಿರಲಿಲ್ಲ.

ಅಂದೇ ರಾತ್ರಿ ಅವನಿಗೆ ಕರೆ ಮಾಡಿದೆ. ‘ಅಣ್ಣಾ’ ಹೋಗಿ ‘ಸರ್’ ಬಂದಿತ್ತು. ‘ಸರ್, ನಾನು ಸ್ಕೈಲೈನ್ ಅಂದೆ, ಸ್ಕೈಲೈನೇ ಕೊಟ್ಟಿದ್ದೀನಿ. ಜಿಟಿ-ಆರ್ ಅಂತ ಬರೆದಿರೋದು ಡಿಕ್ಕಿ ಮೇಲೆ, ಅಗ್ರಿಮೆಂಟ್ ಮೇಲಲ್ಲ.’ ಈ ಮಾತನ್ನು ನಾನು ಹಲವು ರಾತ್ರಿ ಮಲಗಿದಲ್ಲೇ ಮತ್ತೆ ಮತ್ತೆ ಹೇಳಿಕೊಂಡಿದ್ದೇನೆ. ಉತ್ತರ ಸಿದ್ಧವಾಗಿಟ್ಟುಕೊಂಡೇ ಮಾರಿದ್ದ. ಆ ಹರಾಜು ಚೀಟಿಗೆ ಮೊಬೈಲಿನ ಅನುವಾದದ ಕ್ಯಾಮೆರಾ ಹಿಡಿದಾಗ ಬಣ್ಣದ ಜಾಗದಲ್ಲಿ ಬಿಳಿ ಎಂದು ಬಂದಿತು. ಅದನ್ನು ಕೇಳಿದರೆ, ‘ಆಮೇಲೆ ಪೇಂಟ್ ಮಾಡಿಸಿದ್ದು ಸರ್’ ಎಂದ. ಬಾಗಿಲಿನ ಸಂದಿಯಲ್ಲಿ, ಕಾರ್ಪೆಟ್ಟಿನ ಕೆಳಗೆ, ಎಲ್ಲಿ ಕೆರೆದರೂ ಒಂದು ಚುಕ್ಕೆ ಬಿಳಿ ಇಲ್ಲ.

ಹೋಗಲಿ, ಎಂಥದ್ದೋ ಒಂದು ಸ್ಕೈಲೈನ್ ಆದರೂ ನಮ್ಮ ಹೆಸರಿಗಾಗಲಿ ಎಂದು ಆಗಸ್ಟಿನಲ್ಲಿ ಅದನ್ನು ಕೆಎ-17 ನಂಬರಿಗೆ ಬದಲಿಸಲು ಆರ್‌ಟಿಓ ಕಚೇರಿಗೆ ಒಯ್ದೆ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಲೇಬೇಕು ಎಂಬುದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ, ನಿಮಗೆಲ್ಲ ಗೊತ್ತಿರುವುದೇ. ಇನ್‌ಸ್ಪೆಕ್ಟರ್ ಸಜ್ಜನರು. ಕಾರನ್ನು ಕಂಡು ಖುಷಿಪಟ್ಟರು, ಒಳಗೆ ಕುಳಿತು ನೋಡಿದರು. ಆಮೇಲೆ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಪಕ್ಕದಲ್ಲಿಟ್ಟರು. ಆರ್‌ಸಿಯಲ್ಲಿ 17 ಅಕ್ಷರಗಳಿದ್ದವು. ಕಾರಿನ ಮೇಲೆ, ಜಪಾನಿನೊಳಗೆ ಮಾರಲೆಂದು ಆ ಕಾಲದಲ್ಲಿ ತಯಾರಾದ ಕಾರುಗಳಲ್ಲಿ ಇರುವಂತೆ, ಹನ್ನೊಂದೇ. ಒಂದು ಅಕ್ಷರ ತಿದ್ದಿದ್ದರೆ ತಪ್ಪು ಬರಹ ಎನ್ನಬಹುದಿತ್ತು. ಇದು ಬೇರೆಯದೇ ಕಾರಿನ ಆರ್‌ಸಿ.

‘ಬಿಲ್ ಆಫ್ ಎಂಟ್ರಿ ಕೊಡಿ, ಅದರಲ್ಲಿ ಯಾವ ನಂಬರ್ ಇದೆ ನೋಡೋಣ’ ಎಂದರು. ಹೊರದೇಶದಿಂದ ಕಾರು ತರಿಸುವವರು ಸುಂಕ ಕಟ್ಟಲು ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ ಅದು. ನಾನು ಫೈಲಿನಿಂದ ಹೆಮ್ಮೆಯಿಂದ ಹರಾಜು ಚೀಟಿಯನ್ನು ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮರಳಿಸಿ, ಇದಲ್ಲ ಎಂದರು. ಆಗ ನಾನು, ಸುತ್ತ ಏಜೆಂಟರೂ ಲೈಸೆನ್ಸಿಗೆ ಬಂದ ಹುಡುಗರೂ ನಿಂತಿರುವಾಗ, ದನಿ ಏರಿಸಿ ಹೇಳಿದೆ: ‘ಇಪ್ಪತ್ತೈದು ವರ್ಷದ ರೂಲ್ ಇದೆಯಲ್ಲ ಸರ್?’

‘ಯಾವ ದೇಶದಲ್ಲಿ?’

ಅಷ್ಟೇ ಕೇಳಿದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗೆ. ನನ್ನ ಬಳಿ ಉತ್ತರವಿತ್ತು, ಅಮೆರಿಕ. ಅದನ್ನು ಬಾಯಿಂದ ಹೇಳುವ ಮೊದಲೇ, ಎಂಟು ತಿಂಗಳು ಎಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಂಡು ತಿರುಗಿದೆ ಎಂಬುದು ಅರ್ಥವಾಯಿತು. ನಮ್ಮ ದೇಶದ ನಿಯಮ ಹೆಚ್ಚುಕಡಿಮೆ ತಿರುಗುಮುರುಗು. ವಿದೇಶದಿಂದ ತರುವ ಬಳಸಿದ ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಗಡೆ ಸ್ಟೀರಿಂಗ್ ಇರಬೇಕು, ಪರೀಕ್ಷೆಯ ಪ್ರಮಾಣಪತ್ರ ಬೇಕು, ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. 1991ರ ಆರ್32 ಕಾರು ಬಳಸಿದ ಕಾರಾಗಿ ಈ ದಾರಿಯಲ್ಲಿ 2008ರಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಏಜೆಂಟನೊಬ್ಬ ಹಿಂದಿನಿಂದ ‘ವಿಡಿಯೊ ನೋಡಿ ಬಂದಾರೆ’ ಎಂದದ್ದು ಕೇಳಿಸಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಕೋಡಂಗಿಯ ಜಾಗದಲ್ಲಿ ನಿಂತದ್ದು ಅಂದೇ.

ಹೊರಗೆ ಬಂದು ಕಾರಿನಲ್ಲೇ ಕುಳಿತು ಅವನಿಗೆ ಸಂದೇಶ ಕಳಿಸಿದೆ. ಬಿಲ್ ಆಫ್ ಎಂಟ್ರಿ ಎಲ್ಲಿ ಎಂದದ್ದಕ್ಕೆ ಬಂದ ಉತ್ತರ: ‘ಹಳೇ ಕಾರಿಗೆ ಯಾರು ಸರ್ ಬಿಲ್ ಇಟ್ಕೊಂಡಿರ್ತಾರೆ? ನಿಮ್ಮನೆ ಫ್ರಿಜ್ಜಿನ ಬಿಲ್ ಇದೆಯಾ?’ ಚಾಸಿ ನಂಬರ್ ಹೊಂದುತ್ತಿಲ್ಲ ಎಂದದ್ದಕ್ಕೆ: ‘ಆರ್‌ಟಿಓಗೆ ನೀವ್ಯಾಕೆ ತಗೊಂಡು ಹೋದ್ರಿ?’ ಹಣ ವಾಪಸು ಕೊಡು ಎಂದದ್ದಕ್ಕೂ ಅದೇ: ‘ಆರ್‌ಟಿಓಗೆ ಯಾಕೆ ಹೋದ್ರಿ ಅಂತ ಕೇಳಿದೆ.’ ಪೊಲೀಸರಿಗೆ ದೂರು ಕೊಡುತ್ತೇನೆ ಎಂದಾಗ ಸರ್ ಕೂಡ ಹೋಗಿ ‘ನೋಡಿ ಸ್ವಾಮಿ, ಕಾರು ಯಾರ ಹತ್ರ ಇದೆಯೋ ಕೇಸು ಅವರ ಮೇಲೆ’ ಎಂದು ಬಂದಿತು. ಅವನು ನನಗೆ ಹೇಳಿದ್ದರಲ್ಲಿ ನಿಜವಾದದ್ದು ಇದೊಂದೇ.

ಏಕೆಂದರೆ ವಕೀಲರೂ ಅದನ್ನೇ ಹೇಳಿದರು. ಸುಂಕ ಕಟ್ಟದೆ ಕಳ್ಳದಾರಿಯಲ್ಲಿ ಬಂದ ಸರಕನ್ನು 1962ರ ಕಸ್ಟಮ್ಸ್ ಕಾಯ್ದೆಯಡಿ ಎಲ್ಲಿದ್ದರೂ ಜಪ್ತಿ ಮಾಡಬಹುದು, ಕೊಂಡವನು ಅಮಾಯಕ ಎಂಬ ಕಾರಣಕ್ಕೆ ಕಾರು ಶುದ್ಧವಾಗುವುದಿಲ್ಲ. ನಾನು ಇನ್ನೂ ಹಿಂದೆಮುಂದೆ ನೋಡುತ್ತಿರುವಾಗಲೇ 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ಭೂತಾನಿನ ಮೂಲಕ ಕಳ್ಳಸಾಗಣೆಯಾದ ಕಾರುಗಳಿಗಾಗಿ ಆಪರೇಷನ್ ನುಮ್‌ಖೋರ್ ಎಂದು ಶೋಧ ನಡೆಸಿದ, ಚಿತ್ರನಟರ ಮನೆಗಳನ್ನೂ ಬಿಡದ ಸುದ್ದಿ ಬಂದಿತು. ವಕೀಲರು ಪತ್ರಿಕೆಯನ್ನು ನನ್ನ ಮುಂದಿಟ್ಟು, ಅವರಾಗಿ ಬರುವ ಮೊದಲು ನೀವಾಗಿ ಬರೆದುಕೊಡಿ ಎಂದರು. ಬರೆದುಕೊಟ್ಟೆ. ನವೆಂಬರಿನಲ್ಲಿ ಅಧಿಕಾರಿಗಳು ಗೋದಾಮಿಗೆ ಬಂದು ಮಹಜರು ಬರೆದರು. ಪಂಚರಾಗಿ ಸಹಿ ಹಾಕಿದವರು, ಫೆಬ್ರವರಿಯಲ್ಲಿ ಆ ಕಾರಿಗೆ ನೀರು ಹಾಕಿ ತೊಳೆದಿದ್ದ ನಮ್ಮ ಇಬ್ಬರು ಹಮಾಲರೇ. ಕಾರು ಬಂದ ಹಾಗೆಯೇ ಲಾರಿಯ ಮೇಲೆ ಹೋಯಿತು. ಅಣ್ಣ ಗಲ್ಲಾದ ಹಿಂದೆ ಕುಳಿತು ಎಲ್ಲವನ್ನೂ ನೋಡಿದ, ಏನೂ ಕೇಳಲಿಲ್ಲ.

ಹಾಗಾಗಿ, ಹಳೆಯ ಸ್ಕೈಲೈನ್, ಸುಪ್ರಾ, ಸಿಲ್ವಿಯಾ, ಯಾವುದೇ ಇರಲಿ, ಮಾತಾಡುವ ಮೊದಲು ಬಿಲ್ ಆಫ್ ಎಂಟ್ರಿ ಕೇಳಿ. ‘ಕಳಿಸ್ತೀನಿ’ ಎಂದರೆ ಫೋನಿಡಿ. ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ನಿಮ್ಮ ಕೈಯಾರೆ ತೆಗೆಯಿರಿ, ಅವನು ಕಳಿಸುವ ಫೋಟೊ ಬೇಡ. ಆರ್‌ಸಿಯಲ್ಲಿನ ವರ್ಷ ಕಾರಿನ ವರ್ಷಕ್ಕೆ ಹೊಂದದಿದ್ದರೆ ಅದಕ್ಕೆ ಯಾವ ವಿವರಣೆಯನ್ನೂ ಕೇಳಬೇಡಿ. ಜಪಾನಿ ಕಾರಿನ ವೇಗವೇ ಬೇಕೆಂದರೆ ಕಂಪನಿಯವರೇ ಇಲ್ಲಿ ಮಾರಿದ ಹಳೆಯ ಹೋಂಡಾ ಸಿಟಿ ವಿಟೆಕ್ ಇದೆ, ಮಿತ್ಸುಬಿಷಿ ಸೀಡಿಯಾ ಇದೆ. ಹಣ ಹೆಚ್ಚಿದ್ದರೆ 2010ರಲ್ಲಿ ಅಧಿಕೃತವಾಗಿ ಬಂದ ಲ್ಯಾನ್ಸರ್ ಇವೊ ಇದೆ. ಅವುಗಳ ಬಿಡಿಭಾಗಗಳಿಗೂ ಪರದಾಡಬೇಕು, ಆದರೆ ಮಹಜರಿಗೆ ಸಹಿ ಹಾಕಿಸಬೇಕಾಗುವುದಿಲ್ಲ. ನಗದು ಕೊಡಬೇಡಿ. ‘ಅಣ್ಣಾ’ ಎನ್ನುವವನಿಗಂತೂ ಕೊಡಲೇಬೇಡಿ.

ಇದನ್ನು ಇಂದೇ ಬರೆಯಲು ಕಾರಣವಿದೆ. ಹುಬ್ಬಳ್ಳಿಯ ಪರಿಚಿತರೊಬ್ಬರು ನಿನ್ನೆ ನನಗೆ ಒಂದು ಜಾಹೀರಾತು ಕಳಿಸಿ, ಈ ಕಾರು ಹೇಗೆ, ಎರಡು ಲಕ್ಷ ಮುಂಗಡ ಕೇಳುತ್ತಿದ್ದಾರೆ, ಕೊಡಬಹುದೇ ಎಂದು ಕೇಳಿದ್ದಾರೆ. ಆರ್32 ಜಿಟಿ-ಆರ್, 1991, ಬೂದು ಬಣ್ಣ, ಕಾಗದಪತ್ರ ಸ್ವಚ್ಛ. ಫೋಟೊದಲ್ಲಿ ಕಾರು ಈಗಷ್ಟೇ ತೊಳೆದ ಹಾಗೆ ಹೊಳೆಯುತ್ತಿದೆ, ನೆಲದ ಮೇಲೆ ನೀರು ನಿಂತಿದೆ. ಹಿಂದೆ ಕಾಣುವ ಬೇವಿನ ಮರ ನಮ್ಮ ಗೋದಾಮಿನದು.