ಮಗನನ್ನೇ ಕೇಳಿದ ಅಧ್ಯಯನ: ಪಾಲ್ಗೊಂಡ ಕುಟುಂಬವೊಂದರ ಅಭಿಪ್ರಾಯ

ಬೆಂಗಳೂರಿನ ಸಂಶೋಧನಾ ತಂಡವೊಂದು ಒಡಹುಟ್ಟಿದವರ ಸಂಬಂಧದ ಬಗ್ಗೆ ನಡೆಸುತ್ತಿರುವ ಅಧ್ಯಯನದಲ್ಲಿ ಆಟಿಸಂ ಇರುವ ನಮ್ಮ ಮಗ ಮತ್ತು ಅವನ ತಂಗಿ ಇಬ್ಬರೂ ಪಾಲ್ಗೊಂಡಿದ್ದರು. ಇಂಥ ಅಧ್ಯಯನಕ್ಕೆ ಸೇರುವುದೋ ಬೇಡವೋ ಎಂದು ಯೋಚಿಸುತ್ತಿರುವ ಕುಟುಂಬಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ವಿಷಯದ ಅಧ್ಯಯನಗಳಲ್ಲಿ ಹೆಚ್ಚಿನವು ತಾಯಿಯನ್ನೋ, ಆಟಿಸಂ ಇಲ್ಲದ ಅಕ್ಕತಂಗಿ, ಅಣ್ಣತಮ್ಮಂದಿರನ್ನೋ ಕೇಳಿ ಮುಗಿಸಿಬಿಡುತ್ತವೆ. ಜವಾಬ್ದಾರಿ ಎಷ್ಟು, ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ತಂಗಿಯ ಬಗ್ಗೆ ಅಣ್ಣನಿಗೆ ಏನನ್ನಿಸುತ್ತದೆ ಎಂದು ನಮ್ಮ ಮನೆಯಲ್ಲಿ ಅವನನ್ನೇ ಕೂರಿಸಿಕೊಂಡು ಕೇಳಿದವರು ಇವರೇ ಮೊದಲಿಗರು.

ಸಿದ್ಧತೆ ಮೆಚ್ಚುವಂತಿತ್ತು. ಕಚೇರಿಯ ಬಾಗಿಲು, ಸಂದರ್ಶನದ ಕೊಠಡಿ, ಪ್ರಶ್ನೆ ಕೇಳುವವರ ಮುಖ, ಮೇಜಿನ ಮೇಲಿನ ರೆಕಾರ್ಡರ್ ಇಷ್ಟರ ಫೋಟೋಗಳಿದ್ದ ಕನ್ನಡದ ಕರಪತ್ರ ವಾರದ ಮುಂಚೆಯೇ ಮನೆಗೆ ಬಂದಿತ್ತು. ಪ್ರತಿ ಸಲವೂ ಒಪ್ಪಿಗೆಯನ್ನು ಹೊಸದಾಗಿ, ನಮ್ಮನ್ನಲ್ಲ, ಅವನನ್ನು ಕೇಳಿದರು. ಸಾಕೆನಿಸಿದಾಗ ಎತ್ತಿ ತೋರಿಸಲು ಕೈಗೊಂದು ಕೆಂಪು ಕಾರ್ಡ್ ಕೊಟ್ಟಿದ್ದರು. ಪಕ್ಕದ ಕಟ್ಟಡದಲ್ಲಿ ಡ್ರಿಲ್ಲಿಂಗ್ ಶುರುವಾದಾಗ ಅವನು ಅದನ್ನು ಎತ್ತಿದ, ಅವರು ತಕ್ಷಣ ನಿಲ್ಲಿಸಿದರು. ಇದು ಅವರ ಔದಾರ್ಯವೆಂದು ಭಾವಿಸಬೇಕಿಲ್ಲ. ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸುವ ಮುನ್ನ ಅವರಿಗೆ ಎಟಕುವ ಸಂವಹನ ವಿಧಾನದಲ್ಲಿಯೇ ಒಪ್ಪಿಗೆ ಪಡೆಯಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ, ಮತ್ತು ಆಟಿಸಂ ಆ ಕಾಯ್ದೆಯ ಪಟ್ಟಿಯಲ್ಲಿದೆ.

ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ಚಿತ್ರದ ಕಾರ್ಡುಗಳು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟಾಕಿಂಗ್ ಮ್ಯಾಟ್ಸ್ ಮಾದರಿಯಲ್ಲಿ, ಇಷ್ಟ, ಪರವಾಗಿಲ್ಲ, ಇಷ್ಟವಿಲ್ಲ ಎಂಬ ಮೂರು ಸಾಲುಗಳಿದ್ದ ಚಾಪೆಯ ಮೇಲೆ ಅವನು ಒಂದೊಂದೇ ಕಾರ್ಡನ್ನು ಇಡುತ್ತಾ ಹೋಗಬೇಕು. ತಂಗಿಯೊಡನೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗುವುದನ್ನು ಇಷ್ಟದ ಸಾಲಿಗೆ ಇಟ್ಟಿದ್ದ. ಯಾರಾದರೂ ಏನಾದರೂ ಕೇಳಿದಾಗ ತನ್ನ ಬದಲು ತಂಗಿ ಉತ್ತರ ಹೇಳುವುದನ್ನು ಇಷ್ಟವಿಲ್ಲದ ಸಾಲಿಗೆ ಇಟ್ಟಿದ್ದ. ತಂಗಿಯ ಮದುವೆಯ ಕಾರ್ಡನ್ನು ಮೊದಲು ನಡುವಿನ ಸಾಲಿಗಿಟ್ಟು, ಆಮೇಲೆ ಮಗುಚಿಹಾಕಿದನಂತೆ. ತಂಡದವರು ಇದ್ಯಾವುದನ್ನೂ ನಮಗೆ ಹೇಳಲಿಲ್ಲ, ಹೇಳಬಾರದು ಕೂಡ. ಚಾಪೆಯ ಫೋಟೋವನ್ನು ಅವನ ಕೈಗೇ ಕೊಟ್ಟಿದ್ದರು. ಅವನೇ ಅದನ್ನು ತಂದು ಫ್ರಿಜ್ ಬಾಗಿಲಿಗೆ ಅಂಟಿಸಿ, ತಂಗಿಗೆ ವಿವರಿಸಿದ. ಅಂದಿನಿಂದ ಅಂಗಡಿಯಲ್ಲಿ ಅವಳು ಬಾಯಿ ಬಿಗಿಹಿಡಿದು ಕಾಯುತ್ತಾಳೆ. ಅವನ ಉತ್ತರ ತಡವಾಗಿಯಾದರೂ ಬರುತ್ತದೆ.

ಎರಡನೆಯ ಭಾಗದ ಪ್ರಶ್ನಾವಳಿ ಮಾತ್ರ ನಿರಾಶೆ ತಂದಿತು. "ನಿಮ್ಮಿಬ್ಬರ ನಡುವೆ ಎಷ್ಟು ಜಗಳವಾಗುತ್ತದೆ?" ಎಂದು ಕೇಳಿ, ಒಂದರಿಂದ ಐದರವರೆಗಿನ ಅಂಕ ಕೊಡಲು ಹೇಳಿದರೆ ಅವನು "ಯಾವತ್ತು?" ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಭಾನುವಾರ ರಿಮೋಟಿಗಾಗಿ ನಡೆಯುವ ಜಗಳದ ಬಗ್ಗೆ ಕೇಳಿದ್ದರೆ ಸ್ಪಷ್ಟವಾಗಿ ಹೇಳುತ್ತಿದ್ದ. ಆದರೆ ಪ್ರಶ್ನೆಯ ಒಂದು ಪದವನ್ನೂ ಬದಲಿಸುವ ಅಧಿಕಾರ ಕೇಳುತ್ತಿದ್ದವರಿಗೆ ಇರಲಿಲ್ಲ, ಹಾಗಾಗಿ ಹಲವು ಕಡೆ ಉತ್ತರವಿಲ್ಲ ಎಂದು ಗುರುತು ಹಾಕಿಕೊಂಡರು. ನಾಳೆ ವರದಿಯಲ್ಲಿ ಅದು ಅವನ ಅಸಾಮರ್ಥ್ಯವೆಂದು ದಾಖಲಾದರೆ ಅದು ಅನ್ಯಾಯ.

ಪ್ರಶ್ನೆಗಳನ್ನು ರೂಪಿಸುವಾಗ ಆಟಿಸಂ ಇರುವ ಒಬ್ಬರಾದರೂ ಜೊತೆಗಿದ್ದರೇ ಎಂದು ವಿಚಾರಿಸಿದೆ. ಇರಲಿಲ್ಲವಂತೆ. ಇದ್ದಿದ್ದರೆ ಈ ತೊಡಕು ಮೊದಲ ದಿನವೇ ಗೊತ್ತಾಗುತ್ತಿತ್ತು. ಅದೇ 6ನೇ ಸೆಕ್ಷನ್, ಇಂಥ ಸಂಶೋಧನೆಗೆ ಪೂರ್ವಾನುಮತಿ ಕೊಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಅಂಗವಿಕಲರೋ ಅಂಗವಿಕಲರಿಗಾಗಿ ದುಡಿಯುವ ನೋಂದಾಯಿತ ಸಂಸ್ಥೆಗಳ ಸದಸ್ಯರೋ ಆಗಿರಬೇಕು ಎನ್ನುತ್ತದೆ. ಅನುಮತಿಯ ಹಂತದಲ್ಲಿ ಕಾನೂನು ಒಪ್ಪಿರುವ ಮಾತನ್ನು ಪ್ರಶ್ನೆ ಬರೆಯುವ ಮೇಜಿಗೂ ತರಲು ಯಾವ ಅಡ್ಡಿಯಿದೆ?

ಪ್ರಯಾಣದ ಖರ್ಚು ಕೊಟ್ಟರು, ಸಮಯಕ್ಕೆ ಸರಿಯಾಗಿ ನಡೆದುಕೊಂಡರು. ಪ್ರಶ್ನಾವಳಿಯ ಕೊರತೆಗಳಿದ್ದರೂ ಸೇರಿರೆಂದೇ ಹೇಳುತ್ತೇನೆ, ಆದರೆ ಪ್ರಶ್ನೆಗಳನ್ನು ಮುಂಚಿತವಾಗಿ ಕೇಳಿ ಪಡೆದು ಮಗ ಅಥವಾ ಮಗಳೊಡನೆ ಕೂತು ಓದಿ, ರೆಕಾರ್ಡಿಂಗ್ ಯಾವಾಗ ಅಳಿಸುತ್ತಾರೆಂದು ತಿಳಿದುಕೊಳ್ಳಿ. ಫಲಿತಾಂಶದ ಇಂಗ್ಲಿಷ್ ವರದಿಯನ್ನು ಪೋಷಕರಿಗೆ ಕಳುಹಿಸುವುದಾಗಿ ನಮಗೆ ಹೇಳಿದ್ದಾರೆ. ಚಿತ್ರಗಳಿರುವ ಕನ್ನಡದ ಸಾರಾಂಶವೊಂದನ್ನು ಮಗನ ಹೆಸರಿಗೇ ಕಳುಹಿಸಬೇಕೆಂದು ನಾವು ಪತ್ರ ಬರೆದಿದ್ದೇವೆ. ಕೆಳಗೆ ಅವನೇ ಸಹಿ ಮಾಡಿದ್ದಾನೆ.